ನಾಲ್ಕನೆಯ ತರಗತಿಯ ಹುಡುಗಿ ಅಕ್ಕಿಯ ಲೆಕ್ಕ ಹೇಳುತ್ತಾಳೆ: ನವೋದಯ ಬಿಟ್ಟರೆ ಸರ್ಕಾರಿ ಶಾಲೆಯಲ್ಲಿ ಅವಳಿಗೆ ಏನಿದೆ?

ಹಲಗೆಬಳಪ

ವಿಜಯನಗರ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕ. ಒಂದರಿಂದ ಏಳರವರೆಗೆ 97 ಮಕ್ಕಳು, ಕಾಯಂ ಶಿಕ್ಷಕರು ಮೂವರು, ಅತಿಥಿ ಶಿಕ್ಷಕಿ ಒಬ್ಬರು. ನಾಲ್ಕು ಮತ್ತು ಐದನೆಯ ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತವೆ, ಎರಡಕ್ಕೂ ನಾನೇ ಮೇಷ್ಟ್ರು.

ಕಳೆದ ತಿಂಗಳು ಒಂದು ಬೆಳಗ್ಗೆ ಬಿಸಿಯೂಟದ ಅಕ್ಕಿ ಅಳೆದು ಕೊಡುವ ಸರದಿ ನನ್ನದು. ಐದನೆಯ ತರಗತಿಯವರೆಗಿನ ಮಗುವಿಗೆ 100 ಗ್ರಾಂ, ಆರು-ಏಳನೆಯವರಿಗೆ 150 ಗ್ರಾಂ. ಅಂದು ಚಿಕ್ಕವರು 62, ದೊಡ್ಡವರು 26. ನಾನು ಜೇಬಿನಿಂದ ಮೊಬೈಲ್ ತೆಗೆಯುತ್ತಿದ್ದೆ. ಅಡುಗೆ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ ನಾಲ್ಕನೆಯ ತರಗತಿಯ ಹುಡುಗಿ, 'ಹತ್ತು ಕಿಲೋ ನೂರು ಗ್ರಾಂ ಸರ್' ಎಂದಳು. ಅದು ಸರಿಯಾಗಿತ್ತು. ಹೇಗೆ ಬಂತು ಎಂದು ಕೇಳಿದೆ. 'ದೊಡ್ಡವರು ಇಬ್ಬರು ಉಣ್ಣುವುದು ಚಿಕ್ಕವರು ಮೂವರು ಉಂಡಷ್ಟು. ಇಪ್ಪತ್ತಾರು ದೊಡ್ಡವರು ಅಂದರೆ ಮೂವತ್ತೊಂಬತ್ತು ಚಿಕ್ಕವರು. ಎಲ್ಲ ಸೇರಿ ನೂರ ಒಂದು ಚಿಕ್ಕವರು' ಎಂದು ಹೇಳಿ, ಇಷ್ಟಕ್ಕೇ ಕೇಳಬೇಕೇ ಎನ್ನುವಂತೆ ನನ್ನ ಮುಖ ನೋಡಿದಳು. ದಶಮಾಂಶವಾಗಲಿ ಅನುಪಾತವಾಗಲಿ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಕನ್ನಡದ ಬರವಣಿಗೆಯಲ್ಲಿ ಮಾತ್ರ ಅವಳು ತರಗತಿಯಲ್ಲೇ ಹಿಂದೆ. ಅಕ್ಷರಗಳು ಇರುವೆ ಮುತ್ತಿದಂತೆ ಇರುತ್ತವೆ. ಕಿರುಪರೀಕ್ಷೆಯಲ್ಲಿ ಅರ್ಧ ಬರೆದು ಬಿಟ್ಟುಬಿಡುತ್ತಾಳೆ. ಹೀಗಾಗಿ ನಮ್ಮ ದಾಖಲೆಯಲ್ಲಿ ಅವಳು ಸಾಧಾರಣ ವಿದ್ಯಾರ್ಥಿನಿ. ಗಣಿತದ ಹೊತ್ತಿನಲ್ಲಿ ಐದು ನಿಮಿಷಕ್ಕೆ ಮುಗಿಸಿ ಕಿಟಕಿಯಾಚೆ ನೋಡುತ್ತಾ ಕೂರುತ್ತಾಳೆ, ಇಲ್ಲವೇ ಪಕ್ಕದವಳ ಜಡೆ ಬಿಚ್ಚುತ್ತಾಳೆ. ಈಚೆಗೆ ಇನ್ನೊಂದು ಶುರುವಾಗಿದೆ. ಹುಡುಗರು 'ಪಂಡಿತಮ್ಮ' ಎಂದು ಛೇಡಿಸುವುದರಿಂದ ಬೇಕೆಂದೇ ತಪ್ಪು ಉತ್ತರ ಹೇಳುತ್ತಿದ್ದಾಳೆ. ಅದು ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿತು.

ಅಪ್ಪ-ಅಮ್ಮ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾರೆ. ಇವಳು ಅಜ್ಜಿಯ ಜೊತೆ ಊರಿನಲ್ಲಿದ್ದಾಳೆ. ಯಾರನ್ನು ಕೇಳಿದರೂ 'ನವೋದಯ ಕಟ್ಟಿಸಿ' ಎನ್ನುತ್ತಾರೆ, ಅಂದರೆ ಕೇಂದ್ರ ಸರ್ಕಾರದ ಆ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರಿಸಿ ಎಂದು. ಕಟ್ಟಿಸುತ್ತೇನೆ, ಆದರೆ ಆ ಪರೀಕ್ಷೆ ಇರುವುದು ಐದನೆಯ ತರಗತಿಯಲ್ಲಿ. ಅಲ್ಲಿಯವರೆಗೆ ಏನು ಮಾಡಲಿ? ಸೀಟು ಸಿಗದಿದ್ದರೆ ಆಮೇಲೆ ಏನು? ಕಲಿಕೆಯಲ್ಲಿ ಹಿಂದುಳಿದವರಿಗೆ ಪರಿಹಾರ ಬೋಧನೆ ಇದೆ, ಅಂಗವಿಕಲ ಮಕ್ಕಳಿಗೆ ಸಮನ್ವಯ ಶಿಕ್ಷಣ ಇದೆ. ಮುಂದೆ ಓಡುವ ಮಗುವಿಗೆ ನಮ್ಮ ಶಾಲೆಯೊಳಗೆ ಏನಿದೆ ಎಂಬುದು ನನ್ನ ಪ್ರಶ್ನೆ.

ಕಬ್ಬಿಣದ ಪೆಟ್ಟಿಗೆ

ಮೇಷ್ಟ್ರೇ, ನಾನು ನವೋದಯದಲ್ಲಿ ಓದಿದವನು. ಒಂದು ಕಬ್ಬಿಣದ ಪೆಟ್ಟಿಗೆ, ಎರಡು ಜೊತೆ ಬಟ್ಟೆ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಹಿಡಿದು ಹೋದವನು ಇಂದು ಎಂಜಿನಿಯರ್. ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಇದ್ದೇ ಇರುತ್ತದೆ.

ಮೊದಲು ವಿವರ ಹೇಳಿಬಿಡುತ್ತೇನೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿಗೆ ಹುಟ್ಟಿದ ಶಾಲೆಗಳು ಇವು. ಒಂದೊಂದರಲ್ಲೂ ಆರನೆಯ ತರಗತಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ, ಒಟ್ಟಿನ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧದಷ್ಟು ಅಂಕ ಬೌದ್ಧಿಕ ಸಾಮರ್ಥ್ಯದ ಚಿತ್ರಗಳಿಗೆ, ಉಳಿದದ್ದು ಅಂಕಗಣಿತಕ್ಕೂ ಭಾಷೆಗೂ ಸಮಪಾಲು. ಕನ್ನಡದಲ್ಲೇ ಬರೆಯಬಹುದು, ಮತ್ತು ಎಲ್ಲವೂ ಗುರುತು ಹಾಕುವ ಪ್ರಶ್ನೆಗಳು, ನಿಮ್ಮ ಹುಡುಗಿಯ ಕೈಬರಹ ಅಡ್ಡ ಬರುವುದಿಲ್ಲ. ಜೀವನದಲ್ಲಿ ಒಂದೇ ಬಾರಿ ಅವಕಾಶ. ಗ್ರಾಮೀಣ ಕೋಟಾ ಬೇಕೆಂದರೆ ಮೂರು, ನಾಲ್ಕು, ಐದು ಮೂರೂ ತರಗತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಅಪ್ಪ-ಅಮ್ಮ ನಡುವೆ ಬೆಂಗಳೂರಿಗೆ ಕರೆದುಕೊಂಡು ಹೋದರೆ ಕೆಲಸ ಕೆಟ್ಟಿತು. ಇದನ್ನು ಈಗಲೇ ಅವರ ಕಿವಿಗೆ ಹಾಕಿ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಊರಿನ ಶಾಲೆಯಲ್ಲಿ ನಾನು ಮೊದಲನೆಯವನು. ಅಲ್ಲಿ ಹೋದ ಮೇಲೆ ಎಂಬತ್ತು ಮೊದಲನೆಯವರ ನಡುವೆ ಐವತ್ತನೆಯವನೋ ಅರವತ್ತನೆಯವನೋ ಆದೆ. ಆರು ತಿಂಗಳು ಮಂಕು ಹಿಡಿದಿತ್ತು. ಆಮೇಲೆ ಅದೇ ಹಿತವೆನಿಸಿತು, ಏಕೆಂದರೆ ನನ್ನ ಹಾಗೆ ಯೋಚಿಸುವವರು ನನಗೆ ಅಲ್ಲಿಯವರೆಗೆ ಸಿಕ್ಕಿರಲೇ ಇಲ್ಲ. ಒಂಬತ್ತನೆಯ ತರಗತಿಯಲ್ಲಿ ಶೇ. 30 ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳುಹಿಸುತ್ತಾರೆ. ಆ ವರ್ಷ ನಾನು ಹಿಂದಿ ಕಲಿತೆ, ರೊಟ್ಟಿಗಾಗಿ ಅತ್ತೆ, ಎರಡೂ ನಿಜ.

ಹಾಲಿನ ಡೇರಿ

ಪೆಟ್ಟಿಗೆ ಸರ್, ನಿಮ್ಮ ಕಾಲ ಬೇರೆ. ನಮ್ಮ ತಾಲ್ಲೂಕಿನಲ್ಲಿ ಈಗ ನವೋದಯ ಪರೀಕ್ಷೆಗೆಂದೇ ಕೋಚಿಂಗ್ ಹಾಸ್ಟೆಲ್‌ಗಳಿವೆ. ನಾಲ್ಕನೆಯ ತರಗತಿಯ ಮಗುವಿನ ತಲೆ ನುಣ್ಣಗೆ ಮಾಡಿಸಿ, ಬೆಳಗಿನ ಐದಕ್ಕೆ ಎಬ್ಬಿಸಿ, ಹಳೆಯ ಪ್ರಶ್ನೆಪತ್ರಿಕೆ ಉರು ಹೊಡೆಸುತ್ತಾರೆ. ಹೆಸರಿಗೆ ಹಳ್ಳಿ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತಾನೆ, ಇರುವುದು ಮಾತ್ರ ಪೇಟೆಯ ಹಾಸ್ಟೆಲ್‌ನಲ್ಲಿ. ನನ್ನ ಅಣ್ಣನ ಮಗನನ್ನೂ ಹಾಕಿದ್ದೆವು, ಸುಳ್ಳು ಏಕೆ ಹೇಳಲಿ. ಮನೆ ಮೇಲೆ ಮಾಡಿದ ಸಾಲದಲ್ಲಿ ಒಂದು ಪಾಲು ಅದೇ. ಸೀಟು ಸಿಗಲಿಲ್ಲ. ಹುಡುಗ ಇಂದಿಗೂ ತಾನು ದಡ್ಡ ಎಂದೇ ನಂಬಿದ್ದಾನೆ, ಹತ್ತು ವರ್ಷದ ಹುಡುಗ.

ಈ ಪರೀಕ್ಷೆ ಆರಿಸುವುದು ಪ್ರತಿಭೆಯನ್ನೋ, ತಯಾರಿಗೆ ದುಡ್ಡಿದ್ದವರನ್ನೋ? ಎಂಬತ್ತು ಜನ ಒಳಗೆ ಹೋದರು, ಒಪ್ಪಿದೆ. ಎಂಬತ್ತೊಂದನೆಯ ಮಗು ಮರುದಿನ ಬೆಳಗ್ಗೆ ಎಲ್ಲಿಗೆ ಹೋಗುತ್ತದೆ?

ಕಬ್ಬಿಣದ ಪೆಟ್ಟಿಗೆ

ಊರಿನ ಶಾಲೆಗೇ ಹೋಗುತ್ತದೆ. ನನ್ನ ತಂಗಿ ಹಾಗೆ ಹೋದವಳು. ನನಗಿಂತ ಚುರುಕು. ಇದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಏನೂ ಇಲ್ಲ.

ನಿವೃತ್ತ ಸಿಆರ್‌ಪಿ

ಹಲಗೆಬಳಪ ಅವರೇ, ನಾನು ಮೈಸೂರು ಜಿಲ್ಲೆಯಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿದ್ದು ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ಉತ್ತರ ನಮ್ಮದೇ ಅಟ್ಟದ ಮೇಲೆ ಇದೆ, ಧೂಳು ಹಿಡಿದಿದೆ ಅಷ್ಟೇ.

ಚಿಕ್ಕ ತರಗತಿಗಳ ಚಟುವಟಿಕೆಯ ಕಲಿಕೆಯಾದ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಅದರ ಜೀವ ಇದ್ದದ್ದು ಹಾಡಿನಲ್ಲೂ ಅಲ್ಲ, ಬಣ್ಣದ ಕಾರ್ಡಿನಲ್ಲೂ ಅಲ್ಲ. ಜೀವ ಇದ್ದದ್ದು ಕಲಿಕಾ ಏಣಿಯಲ್ಲಿ. ಆಂಧ್ರದ ರಿಷಿವ್ಯಾಲಿಯಿಂದ ನಮ್ಮ ಶಿಕ್ಷಕರು ನೋಡಿಕೊಂಡು ಬಂದ ವಿಚಾರ ಅದು. ಮಗು ತನ್ನ ಮೆಟ್ಟಿಲಲ್ಲಿ ತಾನು ಇರುತ್ತದೆ. ಇವತ್ತು ಬರಲಿಲ್ಲವೇ, ನಾಳೆ ಅದೇ ಮೆಟ್ಟಿಲಿನಿಂದ ಮುಂದುವರಿಯುತ್ತದೆ. ಬೇಗ ಬಂತೇ, ಮುಂದಿನ ಕಾರ್ಡು ತೆಗೆದುಕೊಳ್ಳುತ್ತದೆ, ಮೇಷ್ಟ್ರ ಅಪ್ಪಣೆಗೆ ಕಾಯುವುದಿಲ್ಲ. ಎಲ್ಲರೂ ಅದನ್ನು ನಿಧಾನಗತಿಯ ಮಕ್ಕಳ ವಿಧಾನ ಎಂದುಕೊಂಡರು. ನಾನು ಕಣ್ಣಾರೆ ಕಂಡಂತೆ, ಹಾಡಿಯಿಂದ ಬಂದ ಒಬ್ಬ ಹುಡುಗ ಎರಡನೆಯ ತರಗತಿಯ ಗಣಿತದ ಏಣಿಯನ್ನು ದಸರಾ ರಜೆಗೆ ಮೊದಲೇ ಹತ್ತಿ ಮುಗಿಸಿದ. ಮೇಲೆ ಮೆಟ್ಟಿಲು ಇರಲಿಲ್ಲ! ಮೂರನೆಯ ತರಗತಿಯ ಕಾರ್ಡುಗಳನ್ನು ಪಕ್ಕದ ಕೋಣೆಯಿಂದ ತಂದು ಕೊಟ್ಟೆವು. ಅದೇ ಆಗಿನ ಕಾಲದ 'ವಿಶೇಷ ಸೇವೆ'. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ಮೇಲೆ ಏಣಿ ಗೋಡೆಯ ಮೇಲೆ ಉಳಿಯಿತು, ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಕಾರ್ಡು ಹಿಡಿಯತೊಡಗಿದರು. ಎಲ್ಲ ಕಡೆ ಹಾಗಾಯಿತು ಎನ್ನುವುದಿಲ್ಲ, ನಾನು ಓಡಾಡಿದ ಕಡೆ ಹೀಗಾಯಿತು.

ನೀವು ಮಾಡಬೇಕಾದದ್ದು ಇಷ್ಟು. ಆರನೆಯ ತರಗತಿಯ ಗಣಿತವನ್ನೂ ನಿಮ್ಮ ಕೋಣೆಯ ಗಣಿತವನ್ನೂ ವೇಳಾಪಟ್ಟಿಯಲ್ಲಿ ಒಂದೇ ಅವಧಿಗೆ ತನ್ನಿ. ಆ ಅವಧಿಗೆ ಹುಡುಗಿ ಎದ್ದು ಆರನೆಯ ತರಗತಿಗೆ ಹೋಗಲಿ, ಗಂಟೆ ಹೊಡೆದಾಗ ಮರಳಿ ಬರಲಿ. ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಅವಳು ನಾಲ್ಕನೆಯ ತರಗತಿಯಲ್ಲೇ ಇರುತ್ತಾಳೆ, ಮೌಲ್ಯಮಾಪನವೂ ನಾಲ್ಕರದ್ದೇ. ಇದಕ್ಕೆ ಸುತ್ತೋಲೆ ಬೇಕಿಲ್ಲ, ಮುಖ್ಯ ಶಿಕ್ಷಕರ ಒಪ್ಪಿಗೆ ಸಾಕು. ಇಡೀ ತರಗತಿಯನ್ನೇ ಹಾರಿಸಲು ಹೋಗಬೇಡಿ. ಹತ್ತನೆಯ ತರಗತಿಯ ಪರೀಕ್ಷೆಗೆ ವಯಸ್ಸು ಸಾಲದೆಂಬ ತಕರಾರು ಬರುತ್ತದೆ, ಜೊತೆಗೆ ಅವಳ ಕನ್ನಡದ ಬರವಣಿಗೆ ಆ ಹಾರಿಕೆಯನ್ನು ತಾಳಲಾರದು.

ಬಿಸಿಲೂರು

ಎಲ್ಲರಿಗೂ ನಮಸ್ಕಾರ. ಬೇಸರ ಮಾಡಿಕೊಳ್ಳಬೇಡಿ, ನನಗೆ ಈ ಚರ್ಚೆಯೇ ಸ್ವಲ್ಪ ಶ್ರೀಮಂತರ ಚರ್ಚೆಯಂತೆ ಕಾಣುತ್ತದೆ. ನಾನೂ ಸರ್ಕಾರಿ ಶಾಲೆಯ ಶಿಕ್ಷಕಿ, ರಾಯಚೂರಿನ ಕಡೆಯವಳು. ಐದನೆಯ ತರಗತಿಗೆ ಬಂದರೂ ಎರಡನೆಯ ತರಗತಿಯ ಪಾಠ ಓದಲು ಬಾರದ ಮಕ್ಕಳ ಬಗ್ಗೆ ಅಸರ್ ಕಲಿಕಾ ಸಮೀಕ್ಷೆಯ ವರದಿ ವರ್ಷ ಬಿಟ್ಟು ವರ್ಷ ಹೇಳುತ್ತಿದೆ. ನನ್ನ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಹನ್ನೆರಡು ಮಕ್ಕಳಿಗೆ ಒತ್ತಕ್ಷರ ಬಾರದು. ಹತ್ತಿ ಬಿಡಿಸುವ ಕಾಲ ಬಂದರೆ ಅರ್ಧ ತರಗತಿ ಖಾಲಿ. ನಿಮ್ಮ ಹುಡುಗಿ ಹೇಗೂ ಬದುಕಿಕೊಳ್ಳುತ್ತಾಳೆ. ಇರುವ ಒಬ್ಬ ಮೇಷ್ಟ್ರ ಹೊತ್ತು ಯಾರಿಗೆ ಹೋಗಬೇಕು?

ಅಂಥ ಮಕ್ಕಳನ್ನು ನಾನು ಗುಂಪಿನ ನಾಯಕಿ ಮಾಡುತ್ತೇನೆ. ಅವರು ಉಳಿದವರಿಗೆ ಕಲಿಸುತ್ತಾರೆ. ಎಲ್ಲರಿಗೂ ಲಾಭ.

ತೆಂಗಿನಗರಿ

ಬಿಸಿಲೂರು ಮೇಡಂ, ನಾನು ಆ ಗುಂಪಿನ ನಾಯಕಿಯಾಗಿದ್ದವಳು. ಮೂರನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ ನನ್ನ ಗಣಿತದ ಅವಧಿಯೆಲ್ಲ ಬೇರೆಯವರ ಸ್ಲೇಟು ತಿದ್ದುವುದರಲ್ಲಿ ಕಳೆಯಿತು. ಮೇಷ್ಟ್ರು ನನ್ನನ್ನು ಹೊಗಳುತ್ತಿದ್ದರು, ನನಗೂ ಹೆಮ್ಮೆ. ಹೈಸ್ಕೂಲಿಗೆ ಹೋದಾಗ ಬೀಜಗಣಿತ ಬಂತು. ಕೂತು ಒದ್ದಾಡಿ ಕಲಿಯುವುದು ಹೇಗೆಂದು ನನಗೆ ಗೊತ್ತೇ ಇರಲಿಲ್ಲ, ಅಲ್ಲಿಯವರೆಗೆ ಒದ್ದಾಡಿಯೇ ಇರಲಿಲ್ಲವಲ್ಲ. ಕಲಾ ವಿಭಾಗಕ್ಕೆ ಬಂದೆ. ಪಶ್ಚಾತ್ತಾಪವೇನಿಲ್ಲ, ಆದರೆ 'ಹೇಗೂ ಬದುಕಿಕೊಳ್ಳುತ್ತಾಳೆ' ಎಂಬ ಮಾತು ಕೇಳಿ ಸುಮ್ಮನಿರಲಾಗಲಿಲ್ಲ.

ಬಿಸಿಲೂರು

ನಿಮ್ಮ ಮಾತು ತಾಗಿತು ಅಕ್ಕ. ಆದರೂ ಆ ಹನ್ನೆರಡು ಮಕ್ಕಳ ಪ್ರಶ್ನೆ ಹಾಗೇ ಇದೆ.

ಕಡಲಾಚೆ

ನಾನಿರುವುದು ಅಮೆರಿಕದ ಫ್ಲಾರಿಡಾದಲ್ಲಿ, ಊರು ತಿಪಟೂರು. ಮಗ ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಪ್ರತಿಭಾವಂತರ ತರಗತಿಯಲ್ಲಿದ್ದಾನೆ. ಇಲ್ಲಿಯದೆಲ್ಲ ಮಾದರಿ ಎಂದು ಹೇಳಲು ಬಂದಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯ ಕಾನೂನು ಇಲ್ಲಿಯೂ ಇಲ್ಲ, ರಾಜ್ಯಕ್ಕೊಂದು ನಿಯಮ. ನಮ್ಮ ಕನ್ನಡದವರ ಹುಟ್ಟುಹಬ್ಬದ ಊಟಗಳಲ್ಲಿ ತಾಯಂದಿರ ಮಾತು ಇದೇ: ಯಾವ ಪರೀಕ್ಷೆ, ಎಷ್ಟು ಅಂಕ, ಯಾವ ಅಭ್ಯಾಸ ಪುಸ್ತಕ. ಡೇರಿಯವರು ಹೇಳಿದ ಕೋಚಿಂಗ್ ಇಲ್ಲಿ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಒಂದು ಪ್ರಸಂಗ ಮಾತ್ರ ನೀವು ತಿಳಿಯಬೇಕಾದದ್ದು. ಫ್ಲಾರಿಡಾದ ಬ್ರೊವಾರ್ಡ್ ಕೌಂಟಿ ಬಹಳ ದೊಡ್ಡ ಶಾಲಾ ಜಿಲ್ಲೆ. ಮೊದಲು ಅಲ್ಲಿ ಶಿಕ್ಷಕರೋ ಪೋಷಕರೋ ಹೆಸರು ಸೂಚಿಸಿದ ಮಕ್ಕಳನ್ನಷ್ಟೇ ಬುದ್ಧಿಮತ್ತೆಯ ಪರೀಕ್ಷೆಗೆ ಕಳುಹಿಸುತ್ತಿದ್ದರು. ಬಡವರ, ಕಪ್ಪುವರ್ಣೀಯರ, ಸ್ಪ್ಯಾನಿಷ್ ಮನೆಮಾತಿನವರ ಮಕ್ಕಳು ಆ ಪಟ್ಟಿಯಲ್ಲಿ ಕಡಿಮೆ. 2005ರ ಸುಮಾರಿಗೆ ನಿಯಮ ಬದಲಾಯಿಸಿ, ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಮಾತಿನ ಹಂಗಿಲ್ಲದ, ಚಿತ್ರಗಳ ಕಿರುಪರೀಕ್ಷೆ ಕೊಟ್ಟರು. ಅದರಲ್ಲಿ ಮುಂದೆ ಬಂದವರನ್ನು ಎರಡನೆಯ ಸುತ್ತಿನ ಪರೀಕ್ಷೆಗೆ ಕಳುಹಿಸಿದರು. ಅರ್ಹತೆಯ ಮಟ್ಟ ಇಳಿಸಲಿಲ್ಲ. ಆದರೂ ಬಡ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಆ ಮಕ್ಕಳು ಮೊದಲೂ ಅಲ್ಲೇ ಇದ್ದರು, ಯಾರೂ ಅವರ ಹೆಸರು ಬರೆದುಕೊಟ್ಟಿರಲಿಲ್ಲ. ಮುಂದೆ ದುಡ್ಡಿನ ಮುಗ್ಗಟ್ಟು ಬಂದಾಗ ಆ ವ್ಯವಸ್ಥೆಗೆ ಕತ್ತರಿ ಬಿತ್ತು, ಹಳೆಯ ಅಂತರ ಮರಳಿ ಬಂತು.

ಮೇಷ್ಟ್ರೇ, ಅಂದು ಅಕ್ಕಿ ಅಳೆಯುವ ಸರದಿ ನಿಮ್ಮದಲ್ಲದಿದ್ದರೆ?

ಹಲಗೆಬಳಪ

ಕಡಲಾಚೆ ಮೇಡಂ, ಆ ಪ್ರಶ್ನೆಯಿಂದ ರಾತ್ರಿ ನಿದ್ದೆ ಬರಲಿಲ್ಲ. ಮೂರು ವರ್ಷದಿಂದ ಅವಳು ಇದೇ ಶಾಲೆಯಲ್ಲಿದ್ದಾಳೆ. ನಮ್ಮ ಶಿಕ್ಷಕರ ಕೋಣೆಯಲ್ಲಿ 'ಜಾಣೆ' ಎಂದರೆ ದುಂಡಗೆ ಬರೆಯುವವಳು, ಮನೆಗೆಲಸ ತಪ್ಪದೆ ತರುವವಳು, ಅಧಿಕಾರಿ ಬಂದಾಗ ಎದ್ದು ಪದ್ಯ ಹೇಳುವವಳು. ಪ್ರತಿಭಾ ಕಾರಂಜಿಗೆ ಕಂಠಪಾಠಕ್ಕೆ, ಛದ್ಮವೇಷಕ್ಕೆ ನಾವು ಆರಿಸುವುದು ಆ ಮಕ್ಕಳನ್ನೇ. ಇವಳನ್ನು ಒಂದು ವರ್ಷವೂ ಆರಿಸಿಲ್ಲ.

ನಿವೃತ್ತ ಸಿಆರ್‌ಪಿ ಸರ್ ಹೇಳಿದಂತೆ ವೇಳಾಪಟ್ಟಿ ಬದಲಾಯಿಸಲು ಮುಖ್ಯ ಶಿಕ್ಷಕಿಯನ್ನು ಕೇಳಿದೆ. 'ಮಾಡಿ, ಆದರೆ ಊರಲ್ಲಿ ಸುದ್ದಿಯಾಗದ ಹಾಗೆ ಮಾಡಿ. ನಾಳೆ ಎಲ್ಲರ ಮಕ್ಕಳೂ ಆರನೆಯ ತರಗತಿಗೆ ಹೋಗಬೇಕು ಅನ್ನುತ್ತಾರೆ' ಎಂದರು.

ಸಮನ್ವಯ

ನಾನು ಬ್ಲಾಕ್ ಮಟ್ಟದಲ್ಲಿ ವಿಶೇಷ ಅಗತ್ಯದ ಮಕ್ಕಳ ಶಿಕ್ಷಕಿ, ಬಿಐಇಆರ್‌ಟಿ. ಇಲ್ಲಿ ಎಲ್ಲರೂ ಗಣಿತದ ಹಿಂದೆ ಬಿದ್ದಿದ್ದೀರಿ. ನನಗೆ ಕಂಡದ್ದು ಆ ಇರುವೆ ಮುತ್ತಿದ ಅಕ್ಷರ. ತಲೆ ಇಷ್ಟು ವೇಗವಾಗಿ ಓಡುವ ಮಗುವಿನ ಕೈ ಅಷ್ಟು ಹಿಂದೆ ಉಳಿದಿದ್ದರೆ ಅದನ್ನು 'ಉದಾಸೀನ' ಎಂದು ಬರೆದು ಮುಗಿಸಬಾರದು. ಒಂದೇ ಮಗುವಿನಲ್ಲಿ ದೊಡ್ಡ ಸಾಮರ್ಥ್ಯವೂ ಕಲಿಕೆಯ ತೊಡಕೂ ಜೊತೆಯಾಗಿ ಇರಬಹುದು. ಆಗ ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ, ಮಗು ಎರಡೂ ಪಟ್ಟಿಯಿಂದ ಹೊರಗುಳಿಯುತ್ತದೆ.

ಮೂರು ವಿಷಯ ನೋಡಿ ತಿಳಿಸಿ. ಹಲಗೆಯ ಮೇಲಿನದು ಅವಳಿಗೆ ಕಾಣುತ್ತದೆಯೇ? ಬಾಯಲ್ಲಿ ಕಥೆ ಹೇಳಿಸಿದರೆ ಹೇಗೆ ಹೇಳುತ್ತಾಳೆ? ಯಾವ ಕೈಯಲ್ಲಿ ಬರೆಯುತ್ತಾಳೆ, ಯಾವ ಕೈಯಲ್ಲಿ ಕಲ್ಲು ಎಸೆಯುತ್ತಾಳೆ?

ಹಲಗೆಬಳಪ

ಸಮನ್ವಯ ಮೇಡಂ, ನಿಮಗೆ ಕೈಮುಗಿಯಬೇಕು. ಕಣ್ಣು ಚೆನ್ನಾಗಿದೆ. ಕಥೆ ಹೇಳು ಎಂದರೆ ನಿಲ್ಲಿಸುವುದೇ ಕಷ್ಟ. ಕೈ ನೋಡಲು ನಿನ್ನೆ ಸಂಜೆ ಮಕ್ಕಳ ಲಗೋರಿ ಆಟದ ಬಳಿ ನಿಂತೆ. ಚೆಂಡು ಎಸೆದದ್ದು ಎಡಗೈ. ಬಿದ್ದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ್ದು ಎಡಗೈ, ಒಂದೂ ಅಲುಗಲಿಲ್ಲ. ಬರೆಯುವುದು ಮಾತ್ರ ಬಲಗೈ.

ಅಜ್ಜಿಯನ್ನು ಕೇಳಿದೆ. ಅಂಗನವಾಡಿಗೆ ಹೋಗುವಾಗಲೇ ಬಳಪ ಎಡಗೈಗೆ ಹೋದರೆ ಬೆರಳ ಗೆಣ್ಣಿಗೆ ಹೊಡೆದು ಬಿಡಿಸಿದರಂತೆ. 'ಎಡಗೈಯಲ್ಲಿ ಅಕ್ಷರ ಬರೆದರೆ ಸರಸ್ವತಿ ಒಲಿಯುತ್ತಾಳೆಯೇ ಮೇಷ್ಟ್ರೇ?' ಎಂದು ನನ್ನನ್ನೇ ಕೇಳಿದರು. ಈ ಮೂರು ವರ್ಷದಲ್ಲಿ ನಾನೂ ಅವಳಿಗೆ 'ಕೈಬರಹ ಸುಧಾರಿಸು' ಎಂದು ಕೆಂಪು ಶಾಯಿಯಲ್ಲಿ ಎಷ್ಟು ಬಾರಿ ಬರೆದಿದ್ದೇನೋ.

ಸಮನ್ವಯ

ಈಗ ಎಡಗೈಯಲ್ಲೇ ಬರೆ ಎಂದು ಇನ್ನೊಂದು ಬಲವಂತ ಮಾಡಬೇಡಿ. ದೊಡ್ಡ ಹಾಳೆ ಕೊಟ್ಟು ಯಾವ ಕೈಯಲ್ಲಾದರೂ ಚಿತ್ರ ಬರೆಯಲಿ, ಅವಳೇ ಆರಿಸಿಕೊಳ್ಳಲಿ. ಎಡಗೈ ಆರಿಸಿಕೊಂಡರೆ ಸಾಲಿನ ಎಡ ತುದಿಯಲ್ಲಿ ಕೂರಿಸಿ, ಇಲ್ಲದಿದ್ದರೆ ಪಕ್ಕದವಳ ಮೊಣಕೈಗೆ ತಾಗುತ್ತದೆ. ಹಾಳೆಯನ್ನು ಬಲಕ್ಕೆ ಸ್ವಲ್ಪ ವಾಲಿಸಿ ಇಟ್ಟುಕೊಳ್ಳುವುದನ್ನು ತೋರಿಸಿ. ಕಿರುಪರೀಕ್ಷೆಯ ಉತ್ತರವನ್ನು ಅರ್ಧ ಬಾಯಲ್ಲಿ ಕೇಳಿ. ಇಷ್ಟಾಗಿಯೂ ಬರವಣಿಗೆ ತೊಡಕಾಗಿಯೇ ಉಳಿದರೆ ನಿಮ್ಮ ಬ್ಲಾಕಿನ ಬಿಐಇಆರ್‌ಟಿಯನ್ನು ಕರೆಸಿ.

ಹೈಸ್ಕೂಲು ಮೇಷ್ಟ್ರು

ತಡವಾಗಿ ಬಂದೆ. ನವೋದಯ ಸಿಗದಿದ್ದರೆ ಏನು ಎಂಬುದಕ್ಕೆ ಒಂದಿಷ್ಟು.

ಆರನೆಯ ತರಗತಿಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ, ಅವಕ್ಕೂ ಪ್ರವೇಶ ಪರೀಕ್ಷೆ. ಆದರ್ಶ ವಿದ್ಯಾಲಯಗಳು ರಾಜ್ಯದಲ್ಲಿ 74, ಹಿಂದುಳಿದ ಬ್ಲಾಕುಗಳಲ್ಲಿವೆ. ಇಂಗ್ಲಿಷ್ ಮಾಧ್ಯಮ, ಹಾಸ್ಟೆಲ್ ಇಲ್ಲ, ಬಸ್ ಅನುಕೂಲ ಇದ್ದವರಿಗೆ ಮಾತ್ರ. ಇವೆಲ್ಲವೂ ಮತ್ತೆ ಆರಿಸಿ ಕರೆದೊಯ್ಯುವ ದಾರಿಗಳೇ.

ಊರಿನಲ್ಲೇ ಉಳಿದ ಮಗುವಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಎನ್‌ಎಂಎಂಎಸ್ ಇದೆ. ಎಂಟನೆಯ ತರಗತಿಯಲ್ಲಿ ಪರೀಕ್ಷೆ. ಗೆದ್ದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಪೋಷಕರ ಆದಾಯ ವರ್ಷಕ್ಕೆ 3.5 ಲಕ್ಷ ಮೀರಿರಬಾರದು. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗಷ್ಟೇ, ನವೋದಯದಂಥ ವಸತಿ ಶಾಲೆಯವರಿಗೆ ಇಲ್ಲ. 2008ರಿಂದ ಇದೆ, ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನ. 90 ಪ್ರಶ್ನೆಯ ಎರಡು ಪತ್ರಿಕೆ, ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಠ್ಯದ್ದು. ನನ್ನ ಅನುಭವದಲ್ಲಿ ಮಕ್ಕಳು ಸೋಲುವುದು ಪರೀಕ್ಷೆಯಲ್ಲಿ ಅಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಗೆದ್ದ ಇಬ್ಬರು ಮಕ್ಕಳ ದುಡ್ಡು ನನ್ನ ಕಣ್ಣೆದುರಿಗೇ ಹೀಗೆ ನಿಂತುಹೋಯಿತು. ಅವಳ ಹೆಸರಿನ ಕಾಗುಣಿತ ಈಗಲೇ ನೋಡಿ.

ಹತ್ತನೆಯ ತರಗತಿಯವರಿಗೆ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ ಎನ್‌ಟಿಎಸ್‌ಇ ಇತ್ತು. 1963ರಲ್ಲಿ ವಿಜ್ಞಾನ ಪ್ರತಿಭಾ ಶೋಧವಾಗಿ ಶುರುವಾದದ್ದು. 2021ರಿಂದ ನಿಂತಿದೆ.

ತೆಂಗಿನಗರಿ

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ಒಂದು ಭಾಗವೇ ಇದೆ. ಶಾಲೆ, ಶಾಲೆಗಳ ಸಮೂಹ, ಜಿಲ್ಲಾ ಮಟ್ಟದಲ್ಲಿ ಗಣಿತ ವೃತ್ತ, ವಿಜ್ಞಾನ ವೃತ್ತ (ಆಸಕ್ತ ಮಕ್ಕಳು ಕೂಡಿ ಕಲಿಯುವ ಗುಂಪುಗಳು), ರಜೆಯಲ್ಲಿ ವಸತಿ ಶಿಬಿರ, ಬಿ.ಇಡಿ.ಯಲ್ಲಿ ಇದರ ವಿಶೇಷ ಅಧ್ಯಯನ. ಯಾರ ಶಾಲೆಯಲ್ಲಾದರೂ ಗಣಿತ ವೃತ್ತ ನಡೆಯುತ್ತಿದೆಯೇ? ವ್ಯಂಗ್ಯವಲ್ಲ, ಇದ್ದರೆ ಹೇಳಿ, ನೋಡಲು ಬರುತ್ತೇನೆ.

ನಿವೃತ್ತ ಸಿಆರ್‌ಪಿ

ಆ ಹೆಸರಿನದು ನಾನು ಕಂಡಿಲ್ಲ. ಆದರೆ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳು ನಡೆಯುತ್ತವೆ, ಅಕ್ಷರ ಫೌಂಡೇಶನ್‌ನವರದು. ನಾಲ್ಕು, ಐದು, ಆರನೆಯ ತರಗತಿಯ ಮಕ್ಕಳಿಗೆ. ಬಹುಮಾನಕ್ಕಿಂತ ಮುಖ್ಯವಾದದ್ದು, ಅಕ್ಕಪಕ್ಕದ ಊರುಗಳ ಅಂಥದ್ದೇ ನಾಲ್ಕಾರು ಮಕ್ಕಳು ಒಂದೇ ಜಮಖಾನೆಯ ಮೇಲೆ ಕೂರುತ್ತಾರೆ. ಪೆಟ್ಟಿಗೆಯವರು ನವೋದಯಕ್ಕೆ ಹೋಗಿ ಪಡೆದದ್ದೂ ಅದನ್ನೇ ಅಲ್ಲವೇ?

ಪಂಚಾಯಿತಿಯ ಗ್ರಂಥಾಲಯವನ್ನೂ ಮರೆಯಬೇಡಿ, ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಕೆಲವು ಕಡೆ ಚೆಸ್ ಮಣೆಯೂ ಇದೆ.

ಹಲಗೆಬಳಪ (ಐದು ವಾರಗಳ ನಂತರ)

ಕೆಲವರು ಏನಾಯಿತು ಎಂದು ಕೇಳುತ್ತಿದ್ದೀರಿ.

ಆರನೆಯ ತರಗತಿಗೆ ಹೋದ ಮೊದಲ ದಿನ ದೊಡ್ಡ ಹುಡುಗರು ನಕ್ಕರು, ಯಾರೋ ಮೂಗು ಒರೆಸಿಕೋ ಎಂದರು. ಎರಡನೆಯ ವಾರ ಅವರೇ ಜಾಗ ಬಿಟ್ಟುಕೊಟ್ಟರು. ಮೂರನೆಯ ವಾರ ಭಿನ್ನರಾಶಿ. ಅರ್ಧಕ್ಕೆ, ಅಂದರೆ ಎರಡರಲ್ಲಿ ಒಂದಕ್ಕೆ, ಮೂರರಲ್ಲಿ ಒಂದನ್ನು ಕೂಡಿಸಬೇಕು. ಅವಳು ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಐದರಲ್ಲಿ ಎರಡು ಎಂದು ಬರೆದಳು. ತಪ್ಪು ಎಂದರು ಅಲ್ಲಿಯ ಶಿಕ್ಷಕಿ. ಹುಡುಗಿ ಸ್ಲೇಟು ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳಂತೆ. ಅವಳು ಶಾಲೆಯಲ್ಲಿ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ನನಗೆ ತೆಂಗಿನಗರಿ ಮೇಡಂ ನೆನಪಾದರು. ಮರುದಿನ ಬೆಳಗ್ಗೆ ಅಡುಗೆ ಕೋಣೆಯ ಬಳಿ ಬಂದು, 'ಅರ್ಧ ರೊಟ್ಟಿಗಿಂತ ಐದರಲ್ಲಿ ಎರಡು ಪಾಲು ಕಡಿಮೆ ಸರ್. ಕೂಡಿಸಿದ ಮೇಲೆ ಕಡಿಮೆಯಾಗುವುದು ಹೇಗೆ? ಅಲ್ಲೇ ಗೊತ್ತಾಗಬೇಕಿತ್ತು' ಎಂದಳು. ರಾತ್ರಿಯೆಲ್ಲ ಅದನ್ನೇ ಯೋಚಿಸಿರಬೇಕು.

ಬಿಸಿಲೂರು ಮೇಡಂ, ನಿಮ್ಮ ಪ್ರಶ್ನೆಯನ್ನೂ ಮರೆತಿಲ್ಲ. ಅವಳು ಎದ್ದು ಹೋದ ಮೇಲೆ ನನ್ನ ಕೋಣೆಯಲ್ಲಿ ಕಾಡಿಸುವವರು ಒಬ್ಬರು ಕಡಿಮೆ. ಆ ಹೊತ್ತು ಒತ್ತಕ್ಷರ ಬಾರದ ನನ್ನ ಏಳು ಮಕ್ಕಳಿಗೆ ಸಿಗುತ್ತಿದೆ. ನಿಮ್ಮ ಹನ್ನೆರಡಕ್ಕೆ ಸಾಲುತ್ತದೆಯೋ ಇಲ್ಲವೋ.

ಕೈಯ ವಿಚಾರ: ಚಿತ್ರಕ್ಕೆ ಎಡಗೈ, ಅಕ್ಷರಕ್ಕೆ ಇನ್ನೂ ಎರಡೂ. ಎಡ ತುದಿಗೆ ಕೂರಿಸಿದ್ದೇನೆ. ಹೆಸರಿನ ಕಾಗುಣಿತ ನೋಡಿದೆ, ಹೈಸ್ಕೂಲು ಮೇಷ್ಟ್ರು ಹೇಳಿದ್ದು ಸುಳ್ಳಾಗಲಿಲ್ಲ. ಆಧಾರ್‌ನಲ್ಲಿ ಒಂದು ದೀರ್ಘ ಹೆಚ್ಚಿದೆ.

ನವೋದಯಕ್ಕೆ ಅಜ್ಜಿ ಇನ್ನೂ ಒಪ್ಪಿಲ್ಲ. ಹೆಣ್ಣುಮಗು, ದೂರ, ಹಾಸ್ಟೆಲ್ ಎಂಬ ಕಾರಣ ಹೇಳುತ್ತಾರೆಂದು ಉತ್ತರ ಸಿದ್ಧ ಮಾಡಿಕೊಂಡೇ ಹೋಗಿದ್ದೆ. ಅಜ್ಜಿ ಅದನ್ನು ಎತ್ತಲೇ ಇಲ್ಲ. 'ಇವಳು ಹೋದರೆ ನಮ್ಮ ಸಂಘದ ಬಡ್ಡಿ ಲೆಕ್ಕ ನೋಡುವವರು ಯಾರು?' ಎಂದರು. ಎರಡು ವರ್ಷದಿಂದ ಹದಿನಾಲ್ಕು ಹೆಂಗಸರ ಸ್ವಸಹಾಯ ಸಂಘದ ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಇವಳು ಬಾಯಲ್ಲೇ ಹೇಳುತ್ತಿದ್ದಾಳಂತೆ. ಪುಸ್ತಕ ಬರೆಯುವಾಕೆ ಅದನ್ನು ಕೇಳಿ ಬರೆದುಕೊಳ್ಳುತ್ತಾಳೆ. ಊರಿನ ಹದಿನಾಲ್ಕು ಹೆಂಗಸರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಅಪ್ಪ-ಅಮ್ಮ ದೀಪಾವಳಿಗೆ ಬರುತ್ತಾರೆ. ಆಗ ಇನ್ನೊಮ್ಮೆ ಹೋಗಿ ಕೂರಬೇಕು. ಇಂದು ಚಿಕ್ಕವರು 61, ದೊಡ್ಡವರು 27. 'ಇವತ್ತು ಅರ್ಧ ಚಿಕ್ಕ ಹುಡುಗ ಉಳಿಯುತ್ತಾನೆ ಸರ್' ಎಂದು ನಕ್ಕು ತರಗತಿಗೆ ಓಡಿದಳು. ಅಡುಗೆಯವರು ಅಕ್ಕಿಗೆ ಕಾಯುತ್ತಿದ್ದರು, ನಾನು ಮೊಬೈಲ್ ತೆಗೆದೆ.